ಗೋಡೆಗೆ ಹಾಕುವ ಮುನ್ನ: ಹುಬ್ಬಳ್ಳಿ-ಧಾರವಾಡದ ಹೊಸ ಉದ್ಯಮಿಗಳಿಗೊಂದು ಬಹಿರಂಗ ಪತ್ರ



ದೀಪಾವಳಿ ಪಾಡ್ಯ, ಯುಗಾದಿ, ಅಕ್ಷಯ ತೃತೀಯ ಹತ್ತಿರ ಬಂದರೆ ಸಾಕು, ನಮ್ಮ ಅವಳಿ ನಗರದಲ್ಲಿ ಖಾಲಿ ಖೋಲಿಗಳ ಹುಡುಕಾಟ ಜೋರಾಗುತ್ತದೆ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ಕೊಪ್ಪಿಕರ ರಸ್ತೆ, ಎಲ್ಲಿ ನೋಡಿದರೂ 'ಬಾಡಿಗೆಗೆ ಇದೆ' ಎಂಬ ಬೋರ್ಡಿನ ಕೆಳಗೆ ನಿಂತು ಫೋನ್ ಮಾಡುವ ಹುಡುಗ ಹುಡುಗಿಯರು. "ಪಾಡ್ಯಕ್ಕ ಪೂಜಾ ಆಗಬೇಕ್ರೀ, ಅಷ್ಟರೊಳಗ ಒಂದ್ ಜಾಗಾ ನೋಡಿಕೊಡ್ರಿ" ಎಂದು ಏಜೆಂಟರಿಗೆ ದುಂಬಾಲು. ಮುಹೂರ್ತ ಮೊದಲೇ ಗೊತ್ತಾಗಿರುತ್ತದೆ. ಜಾಗ ಆಮೇಲೆ ಸಿಗುತ್ತದೆ. ಕರಾರುಪತ್ರಕ್ಕೆ ಪೂಜೆಯ ಹಿಂದಿನ ಸಂಜೆ, ಹೂವಿನವನಿಗೆ ದುಡ್ಡು ಕೊಡುವ ಗಡಿಬಿಡಿಯಲ್ಲಿ, ಓದದೆ ಸಹಿ ಬೀಳುತ್ತದೆ. ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಆ ಅವಸರದ ಬೆಲೆ ಮುಂದಿನ ವರ್ಷ ನನ್ನ ಮೇಜಿನ ಮೇಲಿನ ಖರ್ಚಿನ ಪುಟಗಳಲ್ಲಿ ಕಾಣುತ್ತದೆ. ಕಂಡದ್ದನ್ನು ನಿಮಗೆ ಮೊದಲೇ ಹೇಳಿಬಿಡೋಣ ಎಂದು ಈ ಪತ್ರ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಬಾಡಿಗೆ ಜಾಗಕ್ಕೆ ನೀವು ಹಾಕುವ ಪ್ರತಿ ರೂಪಾಯಿ, ಒಂದೋ ನೀವು ಹೊರಡುವಾಗ ನಿಮ್ಮ ಜೊತೆ ಬರುವಂತಿರಬೇಕು, ಇಲ್ಲವೇ ವಾಪಸು ಬರುತ್ತದೆ ಎಂದು ಕಾಗದದ ಮೇಲೆ ಬರೆದಿರಬೇಕು. ಎರಡೂ ಅಲ್ಲದ ಹಣ ಗೋಡೆಯ ಪಾಲು.

ಲೆಕ್ಕ ಹಾಕಿ ನೋಡಿ. ಮನೆಯವರಿಂದ, ಬ್ಯಾಂಕಿನಿಂದ, ಹಳೆಯ ನೌಕರಿಯ ಉಳಿತಾಯದಿಂದ 8 ಲಕ್ಷ ಕೂಡಿಸಿದ್ದೀರಿ ಅಂದುಕೊಳ್ಳೋಣ. ಮುಖ್ಯ ರಸ್ತೆಯಲ್ಲಿ ತಿಂಗಳಿಗೆ 25,000 ರೂಪಾಯಿಯ ಜಾಗ ಹಿಡಿದಿರಿ. ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಎರಡೂವರೆ ಲಕ್ಷ. ಫಾಲ್ಸ್ ಸೀಲಿಂಗ್, ಗಾಜಿನ ಪಾರ್ಟಿಷನ್, ರಿಸೆಪ್ಷನ್ ಮೇಜು, ಹೊಳೆಯುವ ಬೋರ್ಡು ಎಂದು ಮೂರೂವರೆ ಲಕ್ಷ. ಉಳಿದದ್ದು ಎರಡು ಲಕ್ಷ. ಮೊದಲ ತಿಂಗಳ ಬಾಡಿಗೆಗೇ ಅದರಲ್ಲಿ 25,000 ಹೋಯಿತು. ಇಬ್ಬರು ಕೆಲಸಗಾರರ ಪಗಾರ, ಬಾಡಿಗೆ, ಕರೆಂಟು, ಇಂಟರ್ನೆಟ್ ಸೇರಿ ತಿಂಗಳಿಗೆ 60,000 ಬೇಕು ಎಂದರೆ ನಿಮ್ಮ ಕೈಯಲ್ಲಿರುವುದು ಸುಮಾರು ಮೂರು ತಿಂಗಳ ಉಸಿರು ಮಾತ್ರ. ಇತ್ತ ಗಿರಾಕಿಯ ಹಣ ಯಾವಾಗ ಬರುತ್ತದೆ? ಸಣ್ಣ ಉದ್ದಿಮೆಗೆ ಬರಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್ಎಂಇಡಿ ಕಾಯ್ದೆ ಹೇಳುತ್ತದೆ. ಆದರೆ ಹೊಸಬರು ಮೊದಲ ಬಿಲ್ಲಿಗೇ ದೊಡ್ಡ ಗಿರಾಕಿಯ ಜೊತೆ ಕಾಯ್ದೆ ಮಾತಾಡುವುದಿಲ್ಲ, ಕಾಯುತ್ತಾರೆ. ಕೆಲಸ ಚೆನ್ನಾಗಿ ಬಲ್ಲವರು, ಆರ್ಡರ್ ಇದ್ದವರು, ಮೂರನೆಯ ತಿಂಗಳಲ್ಲಿ ಬಡ್ಡಿ ಸಾಲಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ. ಅವರ ಬಂಡವಾಳ ಎಲ್ಲೂ ಕಳೆದಿರಲಿಲ್ಲ, ತಲೆಯ ಮೇಲಿನ ಸೀಲಿಂಗಿನಲ್ಲಿ ಕೂತಿತ್ತು.

ಹಾಗಾದರೆ ಎಂಥ ಜಾಗ ಬೇಕು? ನಿಮ್ಮ ಬಾಗಿಲಿಗೆ ದಿನವೂ ಯಾರು ಬರುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಗಿರಾಕಿ ನಡೆದು ಬರುತ್ತಾನೋ, ಫೋನಿನಲ್ಲಿ ಆರ್ಡರ್ ಕೊಡುತ್ತಾನೋ, ನೀವೇ ಅವನ ಹತ್ತಿರ ಹೋಗುತ್ತೀರೋ? ಸರಕು ಬರುತ್ತದೆಯೇ, ಹೋಗುತ್ತದೆಯೇ? ಮಸಾಲೆ ಪುಡಿ, ಚಟ್ನಿಪುಡಿ ಮಾಡಿ ಕಿರಾಣಿ ಅಂಗಡಿಗಳಿಗೆ ಹಾಕುತ್ತಿದ್ದ ಇಬ್ಬರು ಗೆಳತಿಯರು ನನಗೆ ಗೊತ್ತು. ಬಜಾರದ ಮುಖ್ಯ ರಸ್ತೆಯಲ್ಲಿ ಮೊದಲ ಮಹಡಿಯ ಖೋಲಿ ಹಿಡಿದರು. ಅವರ ಗಿರಾಕಿಗಳೆಲ್ಲ ಅಂಗಡಿಕಾರರು, ಆರ್ಡರ್ ಬರುವುದು ವಾಟ್ಸ್ಆ್ಯಪಿನಲ್ಲಿ. ಆ ರಸ್ತೆಯಲ್ಲಿ ಬೆಳಿಗ್ಗೆ ಜನ ತುಂಬಿದ ಮೇಲೆ ಟೆಂಪೊ ನಿಲ್ಲಿಸಲು ಜಾಗವಿಲ್ಲ. ಖಾರದ ಚೀಲಗಳನ್ನು ಹಮಾಲರು ದೂರದಿಂದ ಹೊತ್ತು ಮೆಟ್ಟಿಲು ಹತ್ತಿಸಬೇಕು, ತಯಾರಾದ ಪೆಟ್ಟಿಗೆಗಳನ್ನು ಮತ್ತೆ ಹೊತ್ತು ಇಳಿಸಬೇಕು. ಹಮಾಲಿ ಒಂದೊಂದು ಪೆಟ್ಟಿಗೆಯ ಲಾಭವನ್ನೇ ತಿನ್ನುತ್ತಿತ್ತು. ಮೆಣಸಿನಕಾಯಿಯ ಘಾಟಿಗೆ ಪಕ್ಕದ ಬಟ್ಟೆ ಅಂಗಡಿಯವರ ತಕರಾರು ಬೇರೆ. ಕೊನೆಗೆ ಊರಂಚಿನ ಒಂದು ನೆಲಮಹಡಿಯ ಶೆಡ್ಡಿಗೆ ಹೋದರು. ಟೆಂಪೊ ಹಿಮ್ಮುಖವಾಗಿ ಬಾಗಿಲ ತನಕ ಬರುತ್ತದೆ, ಬಾಡಿಗೆ ಅರ್ಧ. ಗಿರಾಕಿ ಒಬ್ಬನೂ ಕಡಿಮೆಯಾಗಲಿಲ್ಲ, ಏಕೆಂದರೆ ಗಿರಾಕಿ ಅಲ್ಲಿಗೂ ಬಂದಿರಲಿಲ್ಲ, ಇಲ್ಲಿಗೂ ಬರುವುದಿಲ್ಲ.

ತದ್ವಿರುದ್ಧವಾಗಿ, ಶ್ರವಣ ಸಾಧನ ಮಾರುವವರು, ದಂತವೈದ್ಯರು, ಹಿರಿಯ ನಾಗರಿಕರ ತೆರಿಗೆ ಕೆಲಸ ಮಾಡುವವರು ಬಾಡಿಗೆ ಉಳಿಸಲೆಂದು ಲಿಫ್ಟ್ ಇಲ್ಲದ ಮೂರನೆಯ ಮಹಡಿ ಹತ್ತಿದರೆ ಅದೂ ನಷ್ಟವೇ. ಯಾರ ಮೊಣಕಾಲಿನ ಮೇಲೆ ನಿಮ್ಮ ವ್ಯಾಪಾರ ನಿಂತಿದೆಯೋ ಅವರು ಬಂದು ಹೋಗುವಂತಿರಬೇಕು. ಕಿಮ್ಸ್ ಎಂದೇ ಜನ ಕರೆಯುವ ಆಸ್ಪತ್ರೆಯ ಸುತ್ತಮುತ್ತ ಔಷಧ, ಲ್ಯಾಬುಗಳು, ದುರ್ಗದ ಬೈಲಿನ ಸುತ್ತ ಬಜಾರು, ಗೋಕುಲ ರಸ್ತೆ, ತಾರಿಹಾಳದ ಕಡೆ ಮಶೀನು ಕೆಲಸ ಬೆಳೆದದ್ದು ಸುಮ್ಮನೆ ಅಲ್ಲ. ಬಿಡಿಭಾಗ ಬೇಕಾದಾಗ ನಾಲ್ಕು ಹೆಜ್ಜೆಯಲ್ಲಿ ಸಿಗುವುದು, ಕೆಲಸಗಾರ ಪಕ್ಕದ ಗಲ್ಲಿಯಿಂದ ಬರುವುದು ದೊಡ್ಡ ಅನುಕೂಲ. ನಿಮ್ಮದೇ ಕಸುಬಿನವರು ಪಕ್ಕದಲ್ಲಿದ್ದರೆ ಪೈಪೋಟಿ ಎಂದು ಹೆದರಬೇಡಿ. ಗಿರಾಕಿ ಆ ಬೀದಿಗೆ ಬರುವುದೇ ಅಲ್ಲಿ ನಾಲ್ಕು ಅಂಗಡಿಗಳಿವೆ ಎಂದು.

ಕೆಲಸಕ್ಕೆ ಬರುವವರನ್ನು ಹೊಸ ಮಾಲಕರು ಮರೆತೇಬಿಡುತ್ತಾರೆ. ನಿಮ್ಮಲ್ಲಿ ಅತಿ ಕಡಿಮೆ ಪಗಾರ ಪಡೆಯುವವರು ಯಾವ ಊರಿಂದ, ಯಾವ ಬಸ್ಸಿನಲ್ಲಿ ಬರುತ್ತಾರೆ ಎಂದು ಕೇಳಿ ಜಾಗ ಹುಡುಕಿ. ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ದಾರಿಯಲ್ಲಿ ಚಿಗರಿ ಬಸ್ಸು ಓಡಾಡುತ್ತಿರುವುದರಿಂದ, ಆ ನಿಲ್ದಾಣಗಳಿಂದ ನಡೆದು ಹೋಗುವಷ್ಟು ದೂರದ ಜಾಗಕ್ಕೆ ಎರಡೂ ಊರಿನವರು ಕೆಲಸಕ್ಕೆ ಬರಬಲ್ಲರು. ಬಸ್ಸಿಳಿದು ಮತ್ತೆ ಆಟೋ ಹಿಡಿಯಬೇಕಾದ ಜಾಗವಾದರೆ, ತಿಂಗಳಿಗೆ 15,000 ದುಡಿಯುವ ಹುಡುಗಿಯ ಸಂಬಳದಲ್ಲಿ ಆಟೋ ದುಡ್ಡು ಕಳೆಯಿರಿ. ಆಕೆ ಎಷ್ಟು ದಿನ ನಿಲ್ಲುತ್ತಾಳೆಂದು ಗೊತ್ತಾಗುತ್ತದೆ. ಕಲಿಸಿದ ಕೆಲಸಗಾರರು ಬಿಟ್ಟುಹೋದರೆ ಆಗುವ ನಷ್ಟಕ್ಕೆ ಲೆಕ್ಕಪುಸ್ತಕದಲ್ಲಿ ಖಾತೆಯೇ ಇಲ್ಲ.

ಶೌಚಾಲಯದ ಮಾತು ನೇರವಾಗಿ ಆಡುತ್ತೇನೆ. ನಮ್ಮ ಹಳೆಯ ಕಾಂಪ್ಲೆಕ್ಸುಗಳಲ್ಲಿ ಮಹಡಿಗೊಂದೇ ಶೌಚಾಲಯ, ಅದಕ್ಕೊಂದು ಬೀಗ, ಕೀಲಿ ಇನ್ನಾರದೋ ಅಂಗಡಿಯಲ್ಲಿ ಮೊಳೆಗೆ ನೇತು ಹಾಕಿರುತ್ತದೆ. ಅದನ್ನು ಕೇಳಲು ಹೆಣ್ಣುಮಕ್ಕಳು ನಾಲ್ಕು ಗಂಡಸರ ಮುಂದೆ ಹಾದು ಹೋಗಬೇಕು. ಕೇಳುವುದಕ್ಕಿಂತ ನೀರು ಕುಡಿಯದೆ ಇರುವುದೇ ವಾಸಿ ಎಂದು ಸಂಜೆಯವರೆಗೆ ತಡೆದುಕೊಂಡು ಕೂರುತ್ತಾರೆ. ಜಾಗ ನೋಡಲು ಹೋದಾಗ ಮಾಲಕರು ಮುಂಬಾಗಿಲು ತೋರಿಸುತ್ತಾರೆ, ನೀವು ಶೌಚಾಲಯದ ಬಾಗಿಲು ತೆರೆಸಿ ನೋಡಿ. ಒಳಗಿನ ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ದೀಪ ಇದೆಯೇ? ಟಾಕಿ ಎಷ್ಟು ದೊಡ್ಡದು, ನಳದ ನೀರು ಬರದ ದಿನ ಟ್ಯಾಂಕರಿನ ಖರ್ಚು ಯಾರದು ಎಂದೂ ಕೇಳಿ. ನೀರಿಗಾಗಿ ದಿನ ಎಣಿಸಿದ ಊರು ನಮ್ಮದು, ಇದನ್ನು ವಿವರಿಸಬೇಕಿಲ್ಲ. ಒಳಗೇ ಪ್ರತ್ಯೇಕ ಶೌಚಾಲಯವಿರುವ ಜಾಗಕ್ಕೆ ಒಂದೆರಡು ಸಾವಿರ ಹೆಚ್ಚು ಕೊಡುವುದು ನಾನು ಎರಡು ಮಾತಿಲ್ಲದೆ ಒಪ್ಪುವ ಖರ್ಚು.

ಇನ್ನು ಮೆಟ್ಟಿಲು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಅದು ಕಚೇರಿಗಳೇ ತುಂಬಿದ ಕಟ್ಟಡ. ಹೊಗೆ ಮೇಲೇರಿತು, ದಾರಿ ಕಾಣದವರು ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದರು. 9 ಜನ ತೀರಿಕೊಂಡರು. ಅದು ಎಂದಿನಂಥ ಒಂದು ಕೆಲಸದ ದಿನ. ನಮ್ಮ ಊರಿನ ನಾಲ್ಕು ಮಹಡಿಯ ಕಾಂಪ್ಲೆಕ್ಸಿನಲ್ಲಿ ಅಂಥದ್ದು ಆಗುವುದಿಲ್ಲ ಎಂದುಕೊಳ್ಳಬೇಡಿ. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಅದರ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆಗಳ ರಾಶಿ, ಮೇಲಿನ ಮಹಡಿಯಲ್ಲಿ ಎರಡನೆಯ ಬಾಗಿಲಿಗೆ ತುಕ್ಕು ಹಿಡಿದ ಬೀಗ: ಈ ಮೂರೂ ಒಟ್ಟಿಗೆ ಇರುವ ಕಟ್ಟಡಗಳು ಬೇಕಾದಷ್ಟಿವೆ. ಬೆಂಕಿ ಬಿದ್ದರೆ ಹೊಗೆ ಬರುವುದೂ ನೀವು ಇಳಿಯಬೇಕಾದದ್ದೂ ಅದೇ ಮೆಟ್ಟಿಲು. ಜಾಗ ಒಪ್ಪುವ ಮುನ್ನ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನಡೆದು ನೋಡಿ. ಎರಡನೆಯ ದಾರಿ ಇದೆಯೇ, ಕಿಟಕಿಯ ಗ್ರಿಲ್ಲಿನಲ್ಲಿ ತೆರೆಯುವ ಭಾಗ ಇದೆಯೇ? ಮಾಲಕರಿಗೆ ಹೇಳಿ ಮೀಟರಿನ ಪಕ್ಕದ ರಾಶಿ ತೆಗೆಸಿ. ವಾಹನ ನಿಲ್ಲಿಸಲು ಬಿಟ್ಟ ನೆಲಮಾಳಿಗೆಯಲ್ಲಿ ಗೋಡೆ ಎಬ್ಬಿಸಿ ಖೋಲಿ ಮಾಡಿ ಕೊಡುವವರಿದ್ದಾರೆ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಬೇಡ. ಅಲ್ಲಿ ಗಾಳಿಯಿಲ್ಲ, ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಪಾಲಿಕೆಯವರು ಬಂದು ಬೀಗ ಹಾಕಿದರೆ ನಿಮ್ಮ ಕಂಪ್ಯೂಟರು, ಕಡತ ಎಲ್ಲ ಒಳಗೇ ಉಳಿಯುತ್ತವೆ.

ಹೋಗುವಾಗ ಒಂದು ಟೇಪು ಒಯ್ಯಿರಿ. 600 ಚದರ ಅಡಿ ಎಂದು ಹೇಳಿದ ಜಾಗದಲ್ಲಿ ಮೆಟ್ಟಿಲು, ಕಾರಿಡಾರು, ಲಿಫ್ಟಿನ ಪಾಲು ಎಲ್ಲ ಸೇರಿರುತ್ತದೆ. ಅದನ್ನು ಸೂಪರ್ ಬಿಲ್ಟ್ ಅಪ್ ಎನ್ನುತ್ತಾರೆ. ಒಳಗೆ ಗೋಡೆಯಿಂದ ಗೋಡೆಗೆ ಅಳೆದರೆ 450 ಸಿಗಬಹುದು. 18,000 ಬಾಡಿಗೆಗೆ ಚದರ ಅಡಿಗೆ 30 ಎಂದು ನೀವು ಅಂದುಕೊಂಡದ್ದು ನಿಜದಲ್ಲಿ 40. ಹಾಗೆಂದು ಮಾಲಕರು ಸುಳ್ಳು ಹೇಳಿದರು ಅಂತಲ್ಲ, ಅದು ಕಟ್ಟಡದವರ ರೂಢಿ. ಆದರೆ ಎರಡು ಜಾಗಗಳನ್ನು ಹೋಲಿಸುವಾಗ ಒಳ ಅಳತೆಯಲ್ಲೇ ಹೋಲಿಸಿ. ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡುವುದೂ ಒಳ್ಳೆಯದು. ಪಶ್ಚಿಮಕ್ಕೆ ಗಾಜಿನ ಮುಖವಿರುವ ಖೋಲಿ ಬೆಳಿಗ್ಗೆ ಹತ್ತಕ್ಕೆ ಚೆಂದ ಕಾಣುತ್ತದೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಅದರಲ್ಲಿ ಕೂರಲಾಗುವುದಿಲ್ಲ.

ಕರೆಂಟಿನ ವಿಷಯದಲ್ಲಿ ಹೆಸ್ಕಾಂ ಬಿಲ್ಲನ್ನೇ ಕೇಳಿ ನೋಡಿ, ಬಾಯಿಮಾತು ಬೇಡ. ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆ, ಯಾರ ಹೆಸರು, ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ, ಯಾವ ದರದ ವರ್ಗ, ಬಾಕಿ ಎಷ್ಟು, ಎಲ್ಲ ಇರುತ್ತದೆ. ಒಂದೂವರೆ ಟನ್ನಿನ ಒಂದು ಎಸಿಯೇ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. 2 ಕಿಲೋವ್ಯಾಟ್ ಮಂಜೂರಾದ ಖೋಲಿಯಲ್ಲಿ ಎರಡು ಎಸಿ, ಪ್ರಿಂಟರು, ನಾಲ್ಕು ಕಂಪ್ಯೂಟರು ಹಾಕಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ಹೆಚ್ಚುವರಿ ಲೋಡಿಗೆ ಮೀಟರ್ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕು, ಆದ್ದರಿಂದ ಕರಾರಿನ ಮೊದಲೇ ಮಾತಾಡಿ. ಮನೆಯನ್ನೇ ಕಚೇರಿಗೆ ಕೊಡುತ್ತಿದ್ದರೆ ಮೀಟರು ಗೃಹಬಳಕೆಯದೋ ವಾಣಿಜ್ಯದ್ದೋ ಎಂದು ನೋಡಲೇಬೇಕು. ಗೃಹಬಳಕೆಯ ಸಂಪರ್ಕದಲ್ಲಿ ವ್ಯಾಪಾರ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರದಲ್ಲಿ ವಸೂಲಿ ಮಾಡುತ್ತಾರೆ. ಒಳ್ಳೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೊಯ್ದು ಅರ್ಥಿಂಗ್ ಪರೀಕ್ಷೆ ಮಾಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅದು ಜೀವ ಉಳಿಸುವ ವಸ್ತು, ಅದರಲ್ಲಿ ಚೌಕಾಸಿ ಮಾಡಬೇಡಿ.

ಈಗ ಕಾಗದ. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ.

ಜಾಗ ಮೆಚ್ಚಿದ ದಿನವೇ ಟೋಕನ್ ಕೊಡಬೇಡಿ. ಮೊದಲು ಸಿಟಿಎಸ್ ಉತಾರ, ಪಾಲಿಕೆಯ ಆಸ್ತಿ ತೆರಿಗೆ ಪಾವತಿ, ಕರೆಂಟು ಬಿಲ್ಲು ಕೇಳಿ. ಊರ ಹೊರಗಿನ ಗ್ರಾಮ ಪಂಚಾಯ್ತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ ಕೇಳಿ. ಈ ಕಾಗದಗಳಲ್ಲಿ ಇರುವ ಹೆಸರೂ ನಿಮ್ಮ ಜೊತೆ ಮಾತಾಡುತ್ತಿರುವವರ ಹೆಸರೂ ಒಂದೇನಾ? ನಮ್ಮ ಭಾಗದಲ್ಲಿ ಹಳೆಯ ಕಟ್ಟಡಗಳು ಅಜ್ಜನ ಹೆಸರಲ್ಲೇ ಉಳಿದಿರುತ್ತವೆ. ಬಾಡಿಗೆ ವಸೂಲಿ ಮಾಡುವವರು ಹಿರಿಯ ಅಣ್ಣ, ಹಕ್ಕು ಇರುವುದು ಅಣ್ಣ ತಮ್ಮ ಅಕ್ಕ ತಂಗಿ ಎಲ್ಲರಿಗೂ. ಅಣ್ಣ ಇರುವತನಕ ಎಲ್ಲ ಸರಳ. ಅವರ ನಂತರ "ಡಿಪಾಜಿಟ್ ನಮಗ ಕೊಟ್ಟಿಲ್ಲಲ್ರಿ" ಎಂಬ ಮಾತು ಬರುತ್ತದೆ. ಎಲ್ಲ ವಾರಸುದಾರರ ಸಹಿ ಹಾಕಿಸಿ, ಇಲ್ಲವೇ ಸಹಿ ಮಾಡುವವರಿಗೆ ಉಳಿದವರು ಕೊಟ್ಟ ಅಧಿಕಾರಪತ್ರದ ಪ್ರತಿ ಇಟ್ಟುಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪತ್ರ ತೆಗೆದರೆ ನೋಂದಣಿಯಾದ ಅಡಮಾನಗಳು ಕಾಣುತ್ತವೆ. ಎಲ್ಲ ಸಾಲವೂ ಅದರಲ್ಲಿ ಕಾಣಬೇಕೆಂದಿಲ್ಲ, ಆದ್ದರಿಂದ ಈ ಆಸ್ತಿಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಕೇಳಿ, ಉತ್ತರವನ್ನು ಕರಾರಿನಲ್ಲೇ ಬರೆಸಿ. ಸಾಲ ಕಟ್ಟದ ಮಾಲಕರ ಕಟ್ಟಡವನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳಲು ಬಂದಾಗ, ನೋಂದಣಿಯಿಲ್ಲದ ಕರಾರಿನ ಬಾಡಿಗೆದಾರರ ಮಾತಿಗೆ ಬಲ ಬಹಳ ಕಡಿಮೆ.

11 ತಿಂಗಳ ಕರಾರು ಎಲ್ಲ ಕಡೆ ಚಾಲ್ತಿಯಲ್ಲಿದೆ. ಕಾರಣ ಸರಳ: ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆಯೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಹೇಳುತ್ತವೆ. ಅದನ್ನು ತಪ್ಪಿಸಲು 11. ಆ ಅವಧಿ ಮುಗಿದ ಮೇಲೆ ಬಾಡಿಗೆ ಕೊಡುತ್ತಾ ಮುಂದುವರಿದರೆ ನೀವು ತಿಂಗಳ ಬಾಡಿಗೆದಾರರು. ಬೇರೆ ಕರಾರು ಇಲ್ಲದಿದ್ದರೆ 15 ದಿನದ ನೋಟಿಸು ಸಾಕು. ಒಂದು ಮೇಜು, ಎರಡು ಕುರ್ಚಿಯ ಕೆಲಸವಾದರೆ ಇದು ಅಂಥ ಅಪಾಯವಲ್ಲ, ನಿಮಗೂ ಬಿಟ್ಟು ಹೋಗಲು ಸುಲಭ. ಆದರೆ ಮಶೀನು ಕೂರಿಸುವವರು, ಅಡುಗೆಮನೆ ಕಟ್ಟಿಸುವವರು, ಲ್ಯಾಬು ಮಾಡುವವರು 11 ತಿಂಗಳ ಕಾಗದದ ಮೇಲೆ ಲಕ್ಷಗಟ್ಟಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಂಥವರು ಮೂರು ಅಥವಾ ಐದು ವರ್ಷಕ್ಕೆ ನೋಂದಾಯಿತ ಕರಾರು ಮಾಡಿಕೊಳ್ಳಿ. ಮುದ್ರಾಂಕ, ನೋಂದಣಿ ಶುಲ್ಕ ಖರ್ಚಾಗುತ್ತದೆ ನಿಜ. ಆದರೆ ಕಟ್ಟಡ ಮಾರಾಟವಾದರೂ ಕೊಂಡವರು ಆ ಕರಾರಿಗೆ ಬದ್ಧರಾಗಿರುತ್ತಾರೆ.

ಕರಾರಿನೊಳಗೆ ಏನಿರಬೇಕು? ಲಾಕ್-ಇನ್ ಎಂಬ ಕಲಮು ಯಾರನ್ನು ಕಟ್ಟಿಹಾಕುತ್ತದೆ ಎಂದು ನೋಡಿ. ಮಾಲಕರು ಮೂರು ವರ್ಷ ಎಬ್ಬಿಸುವಂತಿಲ್ಲ, ನೀವು ಎರಡು ತಿಂಗಳ ನೋಟಿಸು ಕೊಟ್ಟು ಹೊರಡಬಹುದು ಎಂದಿದ್ದರೆ ಅದು ಹೊಸ ಉದ್ದಿಮೆಗೆ ತಕ್ಕ ಮಾತು. ಇಬ್ಬರನ್ನೂ ಕಟ್ಟಿಹಾಕುವುದಾದರೆ ಅವಧಿ ಒಂದು ವರ್ಷ ಮೀರದಿರಲಿ. ವರ್ಷಕ್ಕೆ ಶೇಕಡ ಎಷ್ಟು ಬಾಡಿಗೆ ಏರುತ್ತದೆ ಎಂಬುದು ಅಂಕಿಯಲ್ಲೇ ಇರಲಿ, 'ಮಾತುಕತೆಯ ಮೇರೆಗೆ' ಎಂಬುದು ಬೇಡ. ಡಿಪಾಜಿಟ್ ವಾಪಸಿನ ಬಗ್ಗೆ 'ಖಾಲಿ ಮಾಡಿದ ನಂತರ' ಎಂದು ಬರೆದಿರುತ್ತಾರೆ. ಎಷ್ಟು ನಂತರ? ಎಷ್ಟೋ ಮಾಲಕರು ಹಳೆಯವರ ಡಿಪಾಜಿಟ್ಟನ್ನು ಹೊಸಬರು ಕೊಟ್ಟ ಮೇಲೆ ಕೊಡುವವರು. 'ಕೀಲಿ ಒಪ್ಪಿಸಿದ ದಿನವೇ, ಬ್ಯಾಂಕ್ ಮೂಲಕ' ಎಂದು ಬರೆಸಿ. ಬಣ್ಣದ ಖರ್ಚು ಎಷ್ಟು ಕಡಿತ ಎಂಬುದನ್ನೂ ಅಂಕಿಯಲ್ಲಿ ನಮೂದಿಸಿ. ಡಿಪಾಜಿಟ್ ಕೊಡುವುದು ಚೆಕ್ಕು ಅಥವಾ ಖಾತೆಯ ಮೂಲಕವೇ ಆಗಲಿ. ಅರ್ಧ ನಗದು ಎಂದರೆ ಆ ಅರ್ಧಕ್ಕೆ ನಿಮ್ಮ ಹತ್ತಿರ ದಾಖಲೆಯೇ ಇಲ್ಲ.

ಚೌಕಾಸಿ ಮಾಡುವಾಗ ಬಹಳ ಜನ ಬಾಡಿಗೆ ಇಳಿಸಲು ನೋಡುತ್ತಾರೆ, ಅಡ್ವಾನ್ಸ್ ಬಗ್ಗೆ ಸುಮ್ಮನಿರುತ್ತಾರೆ. ನಾನು ಉಲ್ಟಾ ಮಾಡಿ ಎನ್ನುತ್ತೇನೆ. ಎರಡೂವರೆ ಲಕ್ಷದ ಅಡ್ವಾನ್ಸನ್ನು ಒಂದು ಲಕ್ಷಕ್ಕೆ ಇಳಿಸಿದರೆ ನಿಮ್ಮ ಕೈಯಲ್ಲಿ ಒಂದೂವರೆ ಲಕ್ಷ ಉಳಿಯಿತು. ಶೇಕಡ 12ರ ಬಡ್ಡಿಯಲ್ಲಿ ಅದರ ಬೆಲೆ ತಿಂಗಳಿಗೆ 1,500. ಅಂದರೆ ಬಾಡಿಗೆ ತಿಂಗಳಿಗೆ ಒಂದು ಸಾವಿರ ಹೆಚ್ಚು ಕೊಟ್ಟರೂ ನಿಮಗೆ ಲಾಭವೇ. ಮಾಲಕರಲ್ಲಿ ಎಷ್ಟೋ ಜನ ನಿವೃತ್ತಿಯ ಹಣದಲ್ಲಿ ಕಟ್ಟಡ ಕಟ್ಟಿಸಿದವರು, ತಿಂಗಳ ಬಾಡಿಗೆಯಿಂದ ಔಷಧಿ ತರುವವರು. ಅವರಿಗೂ ಬಾಡಿಗೆದಾರರ ಬಗ್ಗೆ ಹೆದರಿಕೆ ಇರುತ್ತದೆ. ಐದನೆಯ ತಾರೀಖಿಗೆ ತಪ್ಪದೆ ಖಾತೆಗೆ ಬಾಡಿಗೆ ಬೀಳುತ್ತದೆ ಎಂದು ಬರೆದುಕೊಟ್ಟು, ಅದರಂತೆ ನಡೆಯುವ ಬಾಡಿಗೆದಾರರನ್ನು ಯಾರೂ ಬಿಡಲು ಬಯಸುವುದಿಲ್ಲ.

ಬಾಡಿಗೆಯ ಮೇಲಿನ ಜಿಎಸ್‌ಟಿ ಹೊಸಬರನ್ನು ದಂಗುಬಡಿಸುತ್ತದೆ. ಮಾಲಕರು ಜಿಎಸ್‌ಟಿ ನೋಂದಣಿ ಮಾಡಿಸಿದವರಾದರೆ ವಾಣಿಜ್ಯ ಬಾಡಿಗೆಗೆ ಶೇಕಡ 18 ಸೇರಿಸಿ ಬಿಲ್ ಕೊಡುತ್ತಾರೆ. ಅವರು ನೋಂದಾಯಿತರಲ್ಲ, ನೀವು ನೋಂದಾಯಿತರು ಎಂದಾದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ರಿವರ್ಸ್ ಚಾರ್ಜಿನಲ್ಲಿ ನೀವೇ ಕಟ್ಟಬೇಕು. 20,000 ಬಾಡಿಗೆಗೆ 3,600, ಅದೂ ನಗದು ಖಾತೆಯಿಂದ. ಕಟ್ಟಿದ ಮೇಲೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಆದರೆ ಮೊದಲು ಕೈಯಿಂದ ಹೋಗಬೇಕಲ್ಲ. ಕಾಂಪೊಸಿಷನ್‌ ಯೋಜನೆಯಲ್ಲಿರುವವರಿಗೆ ಮಾತ್ರ 2025ರ ಜನವರಿಯಲ್ಲಿ ಇದರಿಂದ ವಿನಾಯಿತಿ ಕೊಟ್ಟರು. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಟಿಡಿಎಸ್, ಅಂದರೆ ಬಾಡಿಗೆಯಲ್ಲಿ ತೆರಿಗೆ ಮುರಿದುಕೊಂಡು ಕಟ್ಟುವ ಮಾತೂ ಬರುತ್ತದೆ.

ವಿಳಾಸ ಬದಲಾಯಿಸುವುದು ಮನೆ ಬದಲಾಯಿಸಿದಂತಲ್ಲ. ಜಿಎಸ್‌ಟಿ, ಉದ್ಯಮ್ ನೋಂದಣಿ, ಚಾಲ್ತಿ ಖಾತೆ, ಪಾಲಿಕೆಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ತಿನಿಸಿನ ವ್ಯಾಪಾರವಾದರೆ ಆಹಾರ ಪರವಾನಗಿ, ಎಲ್ಲವೂ ಒಂದೇ ವಿಳಾಸಕ್ಕೆ ಜೋತುಬಿದ್ದಿರುತ್ತವೆ. ಜಾಗ ಬದಲಾದರೆ ಜಿಎಸ್‌ಟಿಯಲ್ಲಿ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಆದ್ದರಿಂದ ಕೆಲಸ ಹಿಡಿಯುತ್ತದೋ ಇಲ್ಲವೋ ಎಂಬ ಅನುಮಾನವಿರುವ ಮೊದಲ ಆರು ತಿಂಗಳು, ಮೇಲೆ ಹೇಳಿದಂತೆ ಮೀಟರಿನ ವರ್ಗ ನೋಡಿಕೊಂಡು, ಮನೆಯ ಮುಂದಿನ ಖೋಲಿಯಿಂದಲೇ ನಡೆಸಲು ಆದರೆ ನಡೆಸಿ. ತಂದೆಯ ಹೆಸರಿನ ಮನೆಯಾದರೆ ಅವರ ಒಪ್ಪಿಗೆ ಪತ್ರ, ಕರೆಂಟು ಬಿಲ್ಲು ಅಥವಾ ತೆರಿಗೆ ರಸೀದಿ ಇಟ್ಟು ಜಿಎಸ್‌ಟಿ ನೋಂದಣಿ ಪಡೆಯಬಹುದು. ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕೋ-ವರ್ಕಿಂಗ್ ಜಾಗದಲ್ಲಿ ಒಂದೆರಡು ಕುರ್ಚಿ ಬಾಡಿಗೆಗೆ ಹಿಡಿಯುವುದೂ ಒಳ್ಳೆಯ ದಾರಿ. ಡಿಪಾಜಿಟ್ ಸಣ್ಣದು, ಜನರೇಟರು, ಇಂಟರ್ನೆಟ್, ಮೀಟಿಂಗ್ ಖೋಲಿ ಅವರದೇ. ಬರೀ ವಿಳಾಸ ಮಾರುವವರ ಹತ್ತಿರ ಮಾತ್ರ ಹುಷಾರು. ಜಿಎಸ್‌ಟಿ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದಾಗ ನಿಮ್ಮ ಬೋರ್ಡೂ ಇಲ್ಲ, ನೀವೂ ಇಲ್ಲ ಎಂದಾದರೆ ನೋಂದಣಿಯೇ ನಿಲ್ಲುತ್ತದೆ.

ಸಜ್ಜು ಮಾಡುವಾಗ ನನ್ನ ಸಲಹೆ ಚಿಕ್ಕದು. ಕಳಚಿ ಒಯ್ಯಬಹುದಾದದ್ದನ್ನೇ ಕೊಳ್ಳಿ. ಗೋಡೆಗೆ ಜಡಿದ ಕಪಾಟಿಗಿಂತ ನೆಲದ ಮೇಲೆ ನಿಂತ ಸ್ಟೀಲ್ ಕಪಾಟು, ಕಟ್ಟಿಸಿದ ಪಾರ್ಟಿಷನ್ನಿಗಿಂತ ಸರಿಸುವ ಪರದೆ, ಫಾಲ್ಸ್ ಸೀಲಿಂಗಿಗಿಂತ ನಾಲ್ಕು ಒಳ್ಳೆಯ ಟ್ಯೂಬ್‌ಲೈಟು. ಊರಿನ ಹಳೆ ಫರ್ನಿಚರ್ ಅಂಗಡಿಗಳಲ್ಲಿ, ಮುಚ್ಚಿದ ಕಂಪನಿಗಳ ಗಟ್ಟಿಮುಟ್ಟಾದ ಮೇಜುಗಳು ಸಿಗುತ್ತವೆ. ಕುರ್ಚಿ ಮಾತ್ರ ಹೊಸದು ತನ್ನಿ, ಅದೂ ಕೂತು ನೋಡಿ. ದಿನಕ್ಕೆ ಎಂಟು ತಾಸು ಅದರ ಮೇಲೆ ಒಬ್ಬ ಮನುಷ್ಯ ಕೂರುತ್ತಾನೆ. ಅಗ್ನಿಶಾಮಕ ಸಿಲಿಂಡರು ಬಾಗಿಲ ಹತ್ತಿರ, ಕಣ್ಣಿಗೆ ಕಾಣುವಂತೆ ಇರಲಿ. ಒಂದು ಇನ್ವರ್ಟರು, ಕುಡಿಯುವ ನೀರು, ಡಬ್ಬಿ ಬಿಚ್ಚಿ ಊಟ ಮಾಡಲು ಒಂದು ಮೂಲೆ. ಇಷ್ಟಾದರೆ ಬಾಗಿಲು ತೆರೆಯಬಹುದು.

ನಾಮಫಲಕದ ಮೇಲಿನ ಭಾಗದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಎಂದು ರಾಜ್ಯದ ಕನ್ನಡ ಭಾಷಾ ಕಾನೂನಿನ 2024ರ ತಿದ್ದುಪಡಿ ಹೇಳುತ್ತದೆ. ಕಾನೂನಿನ ಮಾತು ಪಕ್ಕಕ್ಕಿಡಿ. ನಿಮ್ಮ ಸರಕು ತರುವ ಟೆಂಪೊ ಚಾಲಕ, ಅಂಚೆಯವರು, ಹಳ್ಳಿಯಿಂದ ಬಂದ ಮೊದಲ ಗಿರಾಕಿ ಓದುವುದು ಕನ್ನಡ. ಕನ್ನಡ ದೊಡ್ಡದಾಗಿ, ಕಾಗುಣಿತ ತಪ್ಪಿಲ್ಲದೆ, ದೂರದಿಂದ ಓದಲು ಬರುವಂತೆ ಬರೆಸಿ. ಬೋರ್ಡು ಬರೆಯುವವರಿಗೆ ಕೊಡುವ ಮುನ್ನ ಹೆಸರನ್ನು ನಿಮ್ಮ ಕೈಯಾರೆ ಕಾಗದದ ಮೇಲೆ ಬರೆದುಕೊಡಿ. ಅಂಗಡಿ ಕಾಯ್ದೆಯ ನೋಂದಣಿಗೆ ಕೆಲಸ ಶುರುವಾದ 30 ದಿನದೊಳಗೆ ಅರ್ಜಿ ಹಾಕುವುದನ್ನು ಮರೆಯಬೇಡಿ.

ಕೀಲಿ ಕೈಗೆ ಬಂದ ದಿನ ಮಾಡಬೇಕಾದ ಒಂದು ಕೆಲಸವಿದೆ. ಪೂಜೆಗೂ ಮೊದಲು ಮಾಡಿ. ಫೋನ್ ತೆಗೆದು ಇಡೀ ಜಾಗದ ಫೋಟೊ, ವಿಡಿಯೊ ಮಾಡಿ: ಗೋಡೆಯ ಬಿರುಕು, ಮಳೆನೀರು ಇಳಿದ ಕಲೆ, ಒಡೆದ ಟೈಲ್ಸು, ಶೌಚಾಲಯದ ನಲ್ಲಿ, ಮೀಟರಿನ ಅಂಕಿ. ಇದ್ದ ಫ್ಯಾನು, ದೀಪ, ಕೀಲಿಗಳ ಪಟ್ಟಿ ಬರೆದು, ಮಾಲಕರೂ ನೀವೂ ಸಹಿ ಹಾಕಿ, ಒಬ್ಬೊಬ್ಬರು ಒಂದು ಪ್ರತಿ ಇಟ್ಟುಕೊಳ್ಳಿ. ಹಳೆಯ ಬೀಗ ತೆಗೆಸಿ ಹೊಸದು ಹಾಕಿಸಿ. ಹಿಂದಿನ ಬಾಡಿಗೆದಾರರು ಯಾಕೆ ಬಿಟ್ಟರು ಎಂದು ಪಕ್ಕದ ಅಂಗಡಿಯವರನ್ನು ಕೇಳುವುದು ಇದಕ್ಕೂ ಮೊದಲು, ಟೋಕನ್ ಕೊಡುವ ಮುನ್ನ, ಮುಗಿದಿರಬೇಕು. ಇನ್ನೂ ಕೇಳಿಲ್ಲವಾದರೆ ನಾಳೆ ಬೆಳಿಗ್ಗೆ ಅವರು ಶಟರ್ ಎತ್ತುವ ಹೊತ್ತಿಗೆ ಹೋಗಿ ಕೇಳಿ.

ಇಂತಿ ನಿಮ್ಮ ಹಿತ ಬಯಸುವ,
ಹುಬ್ಬಳ್ಳಿಯ ಒಬ್ಬ ಲೆಕ್ಕಪತ್ರ ಬರೆಯುವವ